ತೋನ್ಸೆಪಾರ್ ಅಚ್ಚು: ಮಳೆಗಾಲದ ಟಿಪ್ಪಣಿ

ಜುಲೈ ಮೂರನೆಯ ವಾರ, ಉಡುಪಿ. ಮಲ್ಪೆಯಿಂದ ತೋನ್ಸೆಪಾರ್‌ಗೆ, ಅಂದರೆ ಕಂಬದ ಬಂಡೆಗಳ ಸೇಂಟ್ ಮೇರೀಸ್ ದ್ವೀಪಕ್ಕೆ, ದೋಣಿ ನಿಂತು ಎಷ್ಟೋ ದಿನವಾಯಿತು. ಈಗ ನನ್ನ ಪಾಲಿಗೆ ಸೇಂಟ್ ಮೇರೀಸ್ ಎಂದರೆ ಏಪ್ರಿಲ್‌ನಲ್ಲಿ ಎರಡು ಸಲ ಹೋಗಿ ಗೀಚಿಕೊಂಡು ಬಂದ ಹನ್ನೊಂದು ಪುಟ, ಅಷ್ಟೇ. ಅದನ್ನೇ ನೋಡಿಕೊಂಡು ಲಿನೋ ಹಾಳೆ, ಅಂದರೆ ಉಳಿಯಿಂದ ಕೆತ್ತಿ ಶಾಯಿ ಹಚ್ಚಿ ಅಚ್ಚು ತೆಗೆಯುವ ಮೆತ್ತನೆಯ ಹಾಳೆ, ಕೆತ್ತಬೇಕು.

ಮೊದಲ ಅಚ್ಚು ಕೆಟ್ಟಿತು. ಚಿತ್ರವನ್ನು ಇದ್ದ ಹಾಗೆಯೇ ಲಿನೋ ಮೇಲೆ ಇಳಿಸಿದ್ದೆ. ಶಾಯಿ ಹಚ್ಚಿ ಕಾಗದ ಎತ್ತಿದರೆ ಬಲಗಡೆಯ ತೆಂಗಿನ ಮರಗಳೆಲ್ಲ ಎಡಕ್ಕೆ ಬಂದು ನಿಂತಿವೆ! ಮಲ್ಪೆಯ ಮೀನುಗಾರರಿಗೆ ತೋರಿಸಿದರೆ ಯಾವ ಊರಿನ ದ್ವೀಪ ಎಂದು ಕೇಳಿಯಾರು. ತಾಮ್ರದ ತಗಡು ಕೆತ್ತುತ್ತಿದ್ದ ಹಳಬರು ಚಿತ್ರವನ್ನು ತಿರುಗಿಸಿಯೇ ಕೆತ್ತುತ್ತಿದ್ದರು ಎಂದು ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಆ ಹಳಬರಲ್ಲಿ ನಾನು ಮತ್ತೆ ಮತ್ತೆ ನೋಡುವುದು ಸ್ಟಾಫಾ ದ್ವೀಪದ ಚಿತ್ರಗಳನ್ನು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಅಲ್ಲಿಯೂ ಕಂಬದ ಬಂಡೆಗಳೇ. ಅವು ಬಸಾಲ್ಟ್, ನಮ್ಮವು ರಯೋಲೈಟ್ ಮತ್ತು ಡೇಸೈಟ್; ಎಲ್ಲವೂ ಲಾವಾ ಆರಿ ಗಟ್ಟಿಯಾದ ಕಲ್ಲುಗಳೇ. 1772ರಲ್ಲಿ ಐಸ್‌ಲ್ಯಾಂಡಿಗೆ ಹೊರಟಿದ್ದ ಇಂಗ್ಲಿಷ್ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಚಿತ್ರಗಾರರೊಂದಿಗೆ ಅಲ್ಲಿ ಇಳಿದ. ಅದೇ ಬೇಸಗೆಯಲ್ಲಿ ಹತ್ತಿರ ಬಂದ ಪ್ರವಾಸ ಬರಹಗಾರ ಥಾಮಸ್ ಪೆನ್ನಂಟ್‌ನನ್ನು ಮಾತ್ರ ಕಡಲು ಇಳಿಯಗೊಡಲಿಲ್ಲ. ಆದರೂ 1774ರಲ್ಲಿ ಬಂದ ಅವನ ಪ್ರವಾಸಗ್ರಂಥದಲ್ಲಿ ಸ್ಟಾಫಾ ಇದೆ. ಬರಹ ಬ್ಯಾಂಕ್ಸನದು, ಚಿತ್ರಗಳು ಅವನ ಜೊತೆಗಿದ್ದವರವು. ಲೇಖಕನೇ ಕಾಲಿಡದ ದ್ವೀಪಕ್ಕೆ ಓದುಗರನ್ನು ಕರೆದೊಯ್ದದ್ದು ಎರವಲು ತಂದ ಆ ಹಾಳೆಗಳು. ಮಳೆಗಾಲದಲ್ಲಿ ನನ್ನದೂ ಪೆನ್ನಂಟ್‌ನ ಪಾಡೇ.

ಆದರೆ ಆ ಚಿತ್ರಗಳಲ್ಲಿನ ಕಂಬಗಳು ಮೂಡುಬಿದಿರೆ ಬಸದಿಯ ಕಂಬಗಳಷ್ಟು ಅಚ್ಚುಕಟ್ಟು. ಕೆತ್ತುವ ಕೈ ಬಂಡೆಯನ್ನು ನೇರ ಮಾಡಿಬಿಡುತ್ತದೆ ಎಂದು ನಗುತ್ತಿದ್ದೆ. ಎರಡನೆಯ ಅಚ್ಚು ತೆಗೆದು ನೋಡಿದರೆ ನನ್ನ ಒಂಬತ್ತು ಕಂಬಗಳಿಗೂ ಆರಾರು ಮುಖ, ಜೇನುಗೂಡಿನ ಹಾಗೆ! ನೋಟ್‌ಬುಕ್ಕಿನಲ್ಲಿ ನಾನೇ ಎಣಿಸಿ ಬರೆದದ್ದು ಬೇರೆ: ಐದು, ಐದು, ಏಳು, ಆರು.

ಈ ವಾರ ಮೂರನೆಯ ಹಾಳೆ. ಮುಖಗಳನ್ನು ಲೆಕ್ಕದ ಪ್ರಕಾರವೇ ಕೆತ್ತುತ್ತಿದ್ದೇನೆ. ಅಳತೆ ಗೊತ್ತಾಗಲೆಂದು ತಂಗಿಯ ಮಗಳನ್ನೂ ಸೇರಿಸಿದೆ. ಅಂದು ಅವಳು ಒರಗಿ ನಿಂತಿದ್ದ ಕಂಬ ಅವಳ ಭುಜದವರೆಗೆ ಬರುತ್ತಿತ್ತು. ಕೊಡೆ ಬೇಡ ಎಂದು ಅವಳ ಹಟ, ಕೊಡೆ ಕೆತ್ತಿಲ್ಲ.

ಹಿಂದಿನ ಸಾಲಿನ ಒಂದು ಕಂಬದ ಎದುರು ನೋಟ್‌ಬುಕ್ಕಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇದೆ. ಅಲ್ಲಿ ಉಳಿ ತಾಗಿಸದೆ ಕಪ್ಪಾಗಿಯೇ ಬಿಟ್ಟಿದ್ದೇನೆ. ದೋಣಿ ಶುರುವಾದ ಮೇಲೆ ಹೋಗಿ ಎಣಿಸಬೇಕು.