ಏಳು ಜನ ಯಜಮಾನರ ಕೈಕೆಳಗೆ: ಇಲ್ಲಿನ ಸ್ಕೂಲ್ ಸೂಪರಿಂಟೆಂಡೆಂಟ್ ಕಥೆ

ನಮ್ಮ ಭಾವ ತಿಪಟೂರು ಕಡೆ ಹೈಸ್ಕೂಲ್ ಹೆಡ್‌ಮಾಸ್ಟರ್. ಬಿಇಓ, ಅಂದ್ರೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ಆಗ್ಬೇಕು ಅಂತ ಬಹಳ ಆಸೆ, ಜ್ಯೇಷ್ಠತಾ ಪಟ್ಟಿ ಕೋರ್ಟ್ ಮೆಟ್ಟಿಲು ಹತ್ತಿ ಅಲ್ಲೇ ಕೂತುಬಿಡ್ತು. ಹಾಗಾಗಿ ಫೋನ್ ಮಾಡಿದಾಗೆಲ್ಲ "ಅಲ್ಲಿ ನಿಮ್ಮ ಮಕ್ಕಳ ಸ್ಕೂಲಿಗೆ ಬಿಇಓ, ಡಿಡಿಪಿಐ ಎಲ್ಲ ಯಾರಮ್ಮಾ, ಪೋಸ್ಟಿಂಗ್ ಯಾರು ಕೊಡ್ತಾರೆ" ಅಂತ ಕೇಳ್ತಾನೇ ಇರ್ತಾರೆ (ಡಿಡಿಪಿಐ ಅಂದ್ರೆ ಬಿಇಓಗಳ ಮೇಲಿನ ಜಿಲ್ಲಾ ಅಧಿಕಾರಿ). ಯಾರೂ ಕೊಡಲ್ಲ ಭಾವ, ಕೆಲಸ ಬೇಕು ಅಂದೋರು ಅರ್ಜಿ ಹಾಕಿ ಊರೋರ ಎದುರಿಗೇ ಇಂಟರ್‌ವ್ಯೂಗೆ ಕೂರ್ಬೇಕು ಅಂದ್ರೆ ನಗ್ತಾರೆ, ನಾನೇನೋ ತಮಾಷೆ ಮಾಡ್ತಿದೀನಿ ಅಂತ.

ನಾವಿರೋದು ಮಿಷಿಗನ್ನಲ್ಲಿ, ಡೆಟ್ರಾಯ್ಟ್ ಪಕ್ಕದ ಒಂದು ಸಬರ್ಬ್. ಇಲ್ಲಿ ಸರ್ಕಾರಿ ಸ್ಕೂಲು ಅಂದ್ರೆ ರಾಜಧಾನಿಯಿಂದ ನಡೆಯೋ ಇಲಾಖೆ ಅಲ್ಲ, ಹೆಚ್ಚುಕಮ್ಮಿ ಊರಿಗೊಂದು ಸ್ಕೂಲ್ ಡಿಸ್ಟ್ರಿಕ್ಟ್, ದೇಶಕ್ಕೆಲ್ಲ ಸೇರಿ ಸುಮಾರು 13,000, ಮಿಷಿಗನ್ ಒಂದರಲ್ಲೇ 500ಕ್ಕೂ ಮೇಲೆ (ಹವಾಯಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ). ಬಹುಪಾಲು ಡಿಸ್ಟ್ರಿಕ್ಟಿಗೆ ಜನ ವೋಟ್ ಹಾಕಿ ಆರಿಸಿದ ಬೋರ್ಡ್ ಇರುತ್ತೆ. ನಮ್ಮಲ್ಲಿ ಏಳು ಜನ, ಅದರಲ್ಲಿ ಒಬ್ಬರು ಹಲ್ಲಿನ ಡಾಕ್ಟ್ರು, ಒಬ್ಬರು ಕಾರ್ ಕಂಪನಿ ಇಂಜಿನಿಯರ್, ಇಬ್ಬರು ಮನೇಲಿರೋ ತಾಯಂದಿರು, ಹೀಗೆ ಸಾಮಾನ್ಯರೇ. ಇವರು ನೇಮಿಸಿ, ಇವರೇ ಮಾರ್ಕ್ಸ್ ಹಾಕಿ, ಬೇಡ ಅನಿಸಿದ್ರೆ ಇವರೇ ಕಳಿಸೋ ಒಬ್ಬೇ ಒಬ್ಬ ನೌಕರ ಅಂದ್ರೆ ಸೂಪರಿಂಟೆಂಡೆಂಟ್, ಡಿಸ್ಟ್ರಿಕ್ಟಿನ ಎಲ್ಲ ಸ್ಕೂಲುಗಳ ಮುಖ್ಯಸ್ಥ. ಮಿಕ್ಕ ಟೀಚರ್, ಬಸ್ ಡ್ರೈವರ್, ಅಡುಗೆಯವರು, ಎಲ್ಲರೂ ಅವರ ಕೆಳಗೆ.

ದಾರಿ ಸಾಮಾನ್ಯವಾಗಿ ಟೀಚರ್ ಕೆಲಸದಿಂದಲೇ ಶುರು. ಕೆಲವು ವರ್ಷ ಪಾಠ ಮಾಡಿ, ಸಂಜೆ ಹೊತ್ತು ಮಾಸ್ಟರ್ಸ್ ಮುಗಿಸಿ, ಅಸಿಸ್ಟೆಂಟ್ ಪ್ರಿನ್ಸಿಪಾಲ್ ಆಗೋದು, ಅಂದ್ರೆ ಜಗಳ ಬಿಡಿಸೋದು, ಪೇರೆಂಟ್ಸ್ ಹತ್ರ ಬೈಸಿಕೊಳ್ಳೋದು, ಆಮೇಲೆ ಪ್ರಿನ್ಸಿಪಾಲ್, ಆಮೇಲೆ ಸೆಂಟ್ರಲ್ ಆಫೀಸಲ್ಲಿ ಪಠ್ಯದ್ದೋ ದುಡ್ಡಿನದ್ದೋ ನೇಮಕಾತಿಯದ್ದೋ ಒಂದು ಖಾತೆ, ಮಧ್ಯೆ ಎಲ್ಲೋ ಒಂದು ಡಾಕ್ಟರೇಟ್. ಕೊನೇ ಮೆಟ್ಟಿಲಿಗೆ ಬಂದಾಗ ಬಹಳ ಜನ ಊರು ಬಿಡ್ತಾರೆ. ಸ್ವಂತ ಡಿಸ್ಟ್ರಿಕ್ಟಲ್ಲಿ ಆ ಕುರ್ಚಿ ಯಾವಾಗ ಖಾಲಿ ಆಗುತ್ತೋ ಗೊತ್ತಿಲ್ಲ, ಅದಕ್ಕೇ ಜೋಳ, ಸೋಯಾ ಬೆಳೆಯೋ ಕಡೆ ಒಂದು ಸಣ್ಣ ಡಿಸ್ಟ್ರಿಕ್ಟ್ ಹಿಡಿದು, ಅಲ್ಲಿ ಬಜೆಟ್‌ನಿಂದ ಬಸ್ ರೂಟ್ ತನಕ ಎಲ್ಲ ತಾವೇ ನೋಡಿ, ಒಂದಷ್ಟು ವರ್ಷಕ್ಕೆ ದೊಡ್ಡದಕ್ಕೆ ಅರ್ಜಿ ಹಾಕ್ತಾರೆ. ನಮ್ಮ ಕಡೆ ವರ್ಗಾವಣೆ ಸರ್ಕಾರ ಮಾಡುತ್ತೆ, ಇಲ್ಲಿ ತಮಗೆ ತಾವೇ ಮಾಡ್ಕೋತಾರೆ ಅಷ್ಟೇ.

ನಮ್ಮ ಡಿಸ್ಟ್ರಿಕ್ಟಲ್ಲಿ ಹಳೆಯವರು ರಿಟೈರ್ ಆದಾಗ ಕೊನೇ ಸುತ್ತಿನ ಇಂಟರ್‌ವ್ಯೂ ನೋಡೋಕೆ ಹೋಗಿದ್ದೆ. ಮಿಷಿಗನ್ ಕಾನೂನಲ್ಲಿ ಅರ್ಜಿಗಳನ್ನ ಬಾಗಿಲು ಹಾಕ್ಕೊಂಡು ನೋಡಬಹುದು, ಆದ್ರೆ ಇಂಟರ್‌ವ್ಯೂ ಮಾತ್ರ ಬಹಿರಂಗ ಸಭೇಲೇ ಆಗ್ಬೇಕು. ಎದುರಿಗೆ ಉದ್ದದ ಮೇಜಲ್ಲಿ ಏಳು ಜನ, ಮಧ್ಯೆ ಒಂದು ಸಣ್ಣ ಟೇಬಲ್ಲು, ನೀರಿನ ಬಾಟ್ಲು, ಅಲ್ಲಿ ಕ್ಯಾಂಡಿಡೇಟ್, ಹಿಂದೆ ಮಡಚೋ ಕುರ್ಚಿಗಳಲ್ಲಿ ನಾವು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಮೂಲೇಲಿ ಒಬ್ಬರು ಟೈಮ್ ನೋಡಿ ಕಾರ್ಡ್ ತೋರಿಸ್ತಾರೆ. ಹೊರಗಿಂದ ಬಂದಿದ್ದವರನ್ನ "ನಿಮ್ಮ ಈಗಿನ ಊರಲ್ಲಿ ಬಾಂಡ್ ವೋಟ್ ಯಾಕೆ ಬಿದ್ದುಹೋಯ್ತು" ಅಂತ ಇಂಜಿನಿಯರ್ ಮೆಂಬರ್ ಕೇಳಿದ್ರು (ಬಾಂಡ್ ಅಂದ್ರೆ ಸ್ಕೂಲ್ ಕಟ್ಟಡಕ್ಕೆ ಸಾಲ ಎತ್ತೋಕೆ ಜನರ ಹತ್ರ ಒಪ್ಪಿಗೆ ಕೇಳೋದು, ತೀರಿಸೋದು ಮನೆ ಕಂದಾಯದಲ್ಲಿ). ಆ ಮನುಷ್ಯ ಪೆನ್ನು ಕೆಳಗಿಟ್ಟು, ಈಜುಕೊಳ ಸೇರಿಸಬಾರದಿತ್ತು, ರೈತರಿಗೆ ಅದು ಶೋಕಿ ಅನಿಸಿತು ಅಂತ ನೇರ ಹೇಳಿದ್ರು. ನನಗೆ ಅವರೇ ಹಿಡಿಸಿದ್ದು. ಆದ್ರೆ ಅಯ್ಯೋ ಪಾಪ ಅನಿಸಿದ್ದು ಬೇರೆ ಕಾರಣಕ್ಕೆ, ಇವರು ಬಿಟ್ಟುಹೋಗೋಕೆ ನೋಡ್ತಿದಾರೆ ಅನ್ನೋದು ಅಷ್ಟೊತ್ತಿಗೆ ಅವರೂರಿನ ಪೇಪರಲ್ಲೂ ಬಂದಿತ್ತು, ಕೆಲಸ ಸಿಗದಿದ್ರೆ ಮಾರನೇ ದಿನ ತಮ್ಮೂರಿನ ಬೋರ್ಡ್ ಮುಂದೆ ನಿಲ್ಲಬೇಕಲ್ಲ. ಸಿಗಲಿಲ್ಲ. 4-3ರಲ್ಲಿ ನಮ್ಮ ಡಿಸ್ಟ್ರಿಕ್ಟಿನ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಹೆಂಗಸೇ ಗೆದ್ದರು, ಮೂರು ವರ್ಷದ ಕಾಂಟ್ರಾಕ್ಟು.

ಆ 4-3 ಇದೆಯಲ್ಲ, ಅದೇ ಇವರ ನಿದ್ದೆ ಕೆಡಿಸೋದು. ಮುಂದಿನ ಎಲೆಕ್ಷನ್ನಲ್ಲಿ ಒಂದು ಸೀಟು ಆಕಡೆ ವಾಲಿದ್ರೆ ನೇಮಿಸಿದ ಬೋರ್ಡೇ ಬೇರೆ ಆಗುತ್ತೆ. ಕೊರೋನಾ ಟೈಮಲ್ಲಿ ಮಾಸ್ಕ್ ಬೇಕು ಅನ್ನೋರು ಬೇಡ ಅನ್ನೋರು ಇಬ್ಬರೂ ಬಂದು ಬೈದದ್ದು ಇದೇ ಕುರ್ಚೀಲಿ ಕೂತವರನ್ನ. ಹಿಮ ಬಿದ್ದ ದಿನ ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ರೋಡಲ್ಲಿ ಗಾಡಿ ಓಡಿಸಿ ನೋಡಿ ಬಂದವರ ಹತ್ರ ಕೇಳಿ, ಪಕ್ಕದ ಡಿಸ್ಟ್ರಿಕ್ಟಿನವರು ಏನ್ಮಾಡ್ತಾರೆ ವಿಚಾರಿಸಿ ಐದೂವರೆ ಒಳಗೆ ರಜಾನೋ ಅಲ್ವೋ ಹೇಳ್ಬೇಕು, ಹೀಗೆ ತಪ್ಪಿದ ದಿನಗಳಲ್ಲಿ ವರ್ಷಕ್ಕೆ ಆರನ್ನ ಮಾತ್ರ ರಾಜ್ಯದವರು ಕೇಳದೇ ಮಾಫಿ ಮಾಡೋದು. ರಜಾ ಕೊಟ್ಟ ದಿನ ಬಿಸಿಲು ಬಂದ್ರೆ ಫೇಸ್‌ಬುಕ್ಕಲ್ಲಿ ಮಂಗಳಾರತಿ. ಇದನ್ನೆಲ್ಲ ಕೇಳಿ ಭಾವ, "ನೋಡಮ್ಮಾ, ಏಳು ಜನ ಯಜಮಾನರಿಗಿಂತ ನಮಗೆ ಒಬ್ಬ ಡಿಡಿಪಿಐ ವಾಸಿ" ಅಂದ್ರು.

ನನ್ನ ತಕರಾರು ಇನ್ನೊಂದಿದೆ. ದೇಶದಲ್ಲಿ ನಾಲ್ಕು ಟೀಚರಲ್ಲಿ ಮೂರು ಜನ ಹೆಂಗಸರು, ಸೂಪರಿಂಟೆಂಡೆಂಟ್‌ಗಳಲ್ಲಿ ನಾಲ್ಕರಲ್ಲಿ ಒಬ್ಬರು ಹೆಚ್ಚುಕಮ್ಮಿ. ಶಿಕಾಗೋದಂಥ ಊರಿಗೆ 1909ರಲ್ಲೇ ಎಲ್ಲಾ ಫ್ಲ್ಯಾಗ್ ಯಂಗ್ ಅನ್ನೋ ಹೆಂಗಸು ಸೂಪರಿಂಟೆಂಡೆಂಟ್ ಆಗಿದ್ರು, ಅಲ್ಲಿಂದ ಇಲ್ಲಿಗೆ ಬಂದಿರೋದು ಇಷ್ಟು. ಬೋರ್ಡುಗಳಿಗೆ ಹೈಸ್ಕೂಲ್ ಪ್ರಿನ್ಸಿಪಾಲ್ ಆಗಿದ್ದವರು ಅಂದ್ರೆ ಕಣ್ಣಿಗೆ ಕಾಣ್ತಾರೆ, ಫುಟ್‌ಬಾಲ್ ಮ್ಯಾಚಲ್ಲಿ ನಿಂತಿರ್ತಾರಲ್ಲ, ಹೆಂಗಸರು ಜಾಸ್ತಿ ಇರೋದು ಪ್ರೈಮರಿ ಸ್ಕೂಲ್ ಪ್ರಿನ್ಸಿಪಾಲ್ ಕೆಲಸದಲ್ಲಿ. ಜೊತೆಗೆ ಮಕ್ಕಳು ಓದೋ ವಯಸ್ಸಲ್ಲಿ ಸಂಸಾರ ಕಿತ್ಕೊಂಡು ಇನ್ನೊಂದು ಊರಿಗೆ ಹೋಗೋದು ಯಾರಿಗೆ ಸುಲಭ ಹೇಳಿ.

ಈ ದಾರಿ ತುಳಿಯದೇ ಬಂದವರನ್ನ ನೋಡ್ಬೇಕಾದ್ರೆ ಡೆಟ್ರಾಯ್ಟಿಗೇ ಬನ್ನಿ. 2009ರಿಂದ 2016ರವರೆಗೆ ಸಿಟಿ ಸ್ಕೂಲುಗಳನ್ನ ನಡೆಸಿದ್ದು ಗವರ್ನರ್ ಕಳಿಸಿದ ಎಮರ್ಜೆನ್ಸಿ ಮ್ಯಾನೇಜರ್‌ಗಳು, ನಮ್ಮಲ್ಲಿ ಆಡಳಿತಾಧಿಕಾರಿ ಹಾಕ್ತಾರಲ್ಲ ಹಾಗೆ. ರಾಯ್ ರಾಬರ್ಟ್ಸ್ ಅಂತ ಒಬ್ಬರು ಜನರಲ್ ಮೋಟಾರ್ಸಲ್ಲಿ ದೊಡ್ಡ ಹುದ್ದೇಲಿದ್ದು ರಿಟೈರ್ ಆದವರು, ಡಾರ್ನೆಲ್ ಅರ್ಲಿ ಅದಕ್ಕೂ ಮುಂಚೆ ಫ್ಲಿಂಟ್ ಸಿಟಿ ನೋಡ್ಕೋತಿದ್ದವರು, ಹೌದು, ನಲ್ಲಿ ನೀರಲ್ಲಿ ಸೀಸ ಬಂತಲ್ಲ ಅದೇ ಫ್ಲಿಂಟ್. ಸಾಲ ತೀರಲಿಲ್ಲ, 2016ರಲ್ಲಿ ರಾಜ್ಯ 61.7 ಕೋಟಿ ಡಾಲರ್ ಕೊಟ್ಟು ಹೊಸ ಡಿಸ್ಟ್ರಿಕ್ಟೇ ಮಾಡ್ತು. ಆಮೇಲೆ ಜನ ಆರಿಸಿದ ಬೋರ್ಡ್ 2017ರಲ್ಲಿ ಕರ್ಕೊಂಡು ಬಂದಿದ್ದು ನಿಕೋಲಾಯ್ ವಿಟ್ಟಿ ಅವರನ್ನ, ಡೆಟ್ರಾಯ್ಟ್ ಪಕ್ಕದಲ್ಲೇ ಬೆಳೆದು, ಟೀಚರ್ ಆಗಿ ಶುರು ಮಾಡಿ, ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಹಿಂದಿನವರು ವರ್ಷ ಎರಡು ವರ್ಷಕ್ಕೆ ಬದಲಾಗ್ತಿದ್ರು, ಇವರು ಕೊರೋನಾ ದಾಟಿ ಆಮೇಲೂ ಉಳಿದ್ರು.

ಇದಕ್ಕೂ ಮೇಲೆ ಹೋಗೋರು ಕಮ್ಮಿ. ಹ್ಯೂಸ್ಟನ್‌ನ ರಾಡ್ ಪೇಜ್ 2001ರಲ್ಲಿ, ಶಿಕಾಗೋದ ಆರ್ನಿ ಡಂಕನ್ 2009ರಲ್ಲಿ ನೇರ ಕೇಂದ್ರದ ಶಿಕ್ಷಣ ಮಂತ್ರಿ ಆದ್ರು, ಅದರಲ್ಲೂ ಡಂಕನ್ ಒಂದು ದಿನ ಸ್ಕೂಲ್ ಟೀಚರ್ ಆಗಿದ್ದವರಲ್ಲ. ಮಿಕ್ಕವರಲ್ಲಿ ಕೆಲವರು ರಿಟೈರ್ ಆದ್ಮೇಲೆ ಯೂನಿವರ್ಸಿಟೀಲಿ ಪಾಠ ಹೇಳ್ತಾರೆ, ಇಲ್ಲಾ ಬೋರ್ಡುಗಳಿಗೆ ಹೊಸ ಸೂಪರಿಂಟೆಂಡೆಂಟ್ ಹುಡುಕಿಕೊಡೋ ಕನ್ಸಲ್ಟೆಂಟ್ ಆಗ್ತಾರೆ. ನಮ್ಮ ಇಂಟರ್‌ವ್ಯೂ ದಿನ ಮೂಲೇಲಿ ಕೂತು ಟೈಮ್ ಕಾರ್ಡ್ ತೋರಿಸ್ತಿದ್ದವರೂ ಅಂಥವರೇ ಒಬ್ಬರು.