ಮೂರನೆಯ ತಂತಿ, ಏಳನೆಯ ಫ್ರೆಟ್

ಗಿಟಾರಿನ ತಂತಿಯನ್ನು ಫ್ರೆಟ್ಟಿನ (ಕತ್ತಿನುದ್ದಕ್ಕೂ ಕೂಡಿಸಿದ ಲೋಹದ ಅಡ್ಡಪಟ್ಟಿಯ) ಮೇಲೆ ಒತ್ತಿ ಹಿಡಿದು, ಹಾಗೆಯೇ ಪಕ್ಕಕ್ಕೆ ತಳ್ಳಿ ಸ್ವರವನ್ನು ಏರಿಸುವುದಕ್ಕೆ ಬೆಂಡ್ ಎನ್ನುತ್ತಾರೆ. ನೋಡುವವರಿಗೆ ಅದು ಒಂದೇ ಬೆರಳಿನ ಕೆಲಸದಂತೆ ಕಾಣುತ್ತದೆ. ನಾನೂ ಹಾಗೆಯೇ ನಂಬಿ ವರ್ಷಗಟ್ಟಲೆ ಬೆಂಡ್ ಮಾಡುತ್ತಿದ್ದೆ. ಅದು ತಪ್ಪೆಂದು ಯಾರೂ ಹೇಳಲಿಲ್ಲ, ಏಕೆಂದರೆ ನುಡಿಸುವಾಗ ಕೋಣೆಯಲ್ಲಿ ನಾನೊಬ್ಬನೇ ಇರುತ್ತಿದ್ದೆ. ಮೊದಲ ಬಾರಿಗೆ ತಪ್ಪೆಂದು ತೋರಿಸಿಕೊಟ್ಟದ್ದು ಒಂದು ವಿಡಿಯೋ ಗೇಮ್.

2005ರ ಗಿಟಾರ್ ಹೀರೋದಂಥ ಆಟಗಳಲ್ಲಿ ಕೈಗೆ ಸಿಗುವುದು ಐದು ಗುಂಡಿಗಳ ಪ್ಲಾಸ್ಟಿಕ್ ಗಿಟಾರ್. ತಂತಿಯೇ ಇಲ್ಲದ ಕಡೆ ಬೆಂಡ್ ಕಲಿಯುವ ಮಾತೆಲ್ಲಿ ಬಂತು? 2011ರಲ್ಲಿ ಬಂದ ರಾಕ್‌ಸ್ಮಿತ್ ಈ ವಿಷಯದಲ್ಲಿ ಬೇರೆಯೇ ಜಾತಿಯದು. ನಮ್ಮದೇ ಎಲೆಕ್ಟ್ರಿಕ್ ಗಿಟಾರನ್ನು ಯುಎಸ್‌ಬಿ ತುದಿಯಿರುವ ಕೇಬಲ್ಲಿನಿಂದ ಜೋಡಿಸಿದರೆ, ನುಡಿಸಿದ ಸ್ವರ ಯಾವುದೆಂದು ಆಟ ಆಲಿಸಿ ಗುರುತಿಸುತ್ತದೆ. ನನ್ನ ಬಳಿ ಇದ್ದದ್ದು ಅದರ 2014ರ ಆವೃತ್ತಿ. ಬೆಂಡ್ ಅಭ್ಯಾಸಕ್ಕೆಂದೇ ಅದರಲ್ಲಿ ಟೆಂಪಲ್ ಆಫ್ ಬೆಂಡ್ಸ್ ಎಂಬ ಪುಟ್ಟ ಆಟವೂ ಇದೆ. ಬಿಡುವಿದ್ದ ಒಂದು ಮಧ್ಯಾಹ್ನ, ಅರ್ಧ ಗಂಟೆ ಆಡಿ ಎದ್ದರಾಯಿತೆಂದು ಕುಳಿತೆ.

ಆ ಆಟದಲ್ಲಿ ಒಂದೊಂದು ತಂತಿಗೆ ಒಂದೊಂದು ಬಣ್ಣ. ಮೂರನೆಯ ತಂತಿ ಕಿತ್ತಳೆ. ಪರದೆಯ ಆಳದಿಂದ ಸ್ವರಗಳು ನಮ್ಮ ಕಡೆಗೆ ಬರುತ್ತವೆ, ಬೆಂಡ್ ಇರುವಲ್ಲಿ ಸ್ವರದ ಹಿಂದಿನ ಪಟ್ಟಿ ಮೇಲಕ್ಕೆ ಬಾಗಿರುತ್ತದೆ. ಅಂದು ಬಾಗಿದ ಕಿತ್ತಳೆ ಪಟ್ಟಿಗಳು ಒಂದರ ಹಿಂದೊಂದು ಬಂದು, ಒಂದೂ ನನ್ನ ಲೆಕ್ಕಕ್ಕೆ ಜಮೆಯಾಗದೆ ಹೋದವು. ಕುಣಿಯಲಾರದವನಿಗೆ ನೆಲ ಡೊಂಕು ಎನ್ನುವಂತೆ ನಾನು ಮೊದಲು ಟಿವಿಯನ್ನು ದೂರಿದೆ. ಎಚ್‌ಡಿಎಂಐ ಮೂಲಕ ಟಿವಿಗೆ ಹೋಗುವ ಧ್ವನಿ ತುಸು ತಡವಾಗಿ ಕೇಳುವುದುಂಟು, ಆ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಧ್ವನಿಯನ್ನು ನೇರವಾಗಿ ಹೆಡ್‌ಫೋನಿಗೆ ಬದಲಾಯಿಸಿದ ಮೇಲೂ ಕಿತ್ತಳೆ ಪಟ್ಟಿಗಳು ಮೊದಲಿನಂತೆಯೇ ತಪ್ಪಿಹೋಗುತ್ತಿದ್ದವು.

ಕೊನೆಗೆ ಆಟವನ್ನು ನಿಲ್ಲಿಸಿ, ಸ್ವರದ ಎತ್ತರ ಅಳೆಯುವ ಟ್ಯೂನರ್ ತೆಗೆದೆ. ಮೂರನೆಯ ತಂತಿಯ ಏಳನೆಯ ಫ್ರೆಟ್ಟಿನಲ್ಲಿ ಸಿಗುವುದು ಡಿ ಎಂಬ ಸ್ವರ, ಸುಮಾರು 293.7 ಹರ್ಟ್ಸ್. ಅದನ್ನು ಎರಡು ಫ್ರೆಟ್ಟಿನಷ್ಟು, ಅಂದರೆ 200 ಸೆಂಟ್ (ಒಂದು ಫ್ರೆಟ್ಟಿಗೆ 100 ಸೆಂಟ್) ಏರಿಸಿದರೆ 329.6 ಹರ್ಟ್ಸಿನ ಇ ಬರಬೇಕು. ಉಸಿರು ಬಿಗಿಹಿಡಿದು ತಳ್ಳಿದೆ. ಮುಳ್ಳು ಒಂದು ಫ್ರೆಟ್ಟಿನಷ್ಟು ಮೇಲಿರುವ ಡಿ ಶಾರ್ಪನ್ನು ದಾಟಿ ಒಂದಿಷ್ಟು ಮುಂದೆ ಹೋಗಿ, ನಡುಗುತ್ತ ನಿಂತಿತು. ಲೆಕ್ಕ ಹಾಕಿದರೆ 130 ಸೆಂಟ್. ಇಷ್ಟು ವರ್ಷ ನಾನು ಭಾವಪೂರ್ಣವೆಂದುಕೊಂಡು ನುಡಿಸಿದ್ದೆಲ್ಲ ದಾರಿಯ ಮಧ್ಯದಲ್ಲಿಯೇ ಕುಳಿತುಬಿಟ್ಟ ಸ್ವರಗಳಾಗಿದ್ದವು.

ಇದರ ಹಿಂದಿರುವುದು ಸರಳವಾದ ಭೌತಶಾಸ್ತ್ರ. ತಂತಿಯ ಕಂಪನಸಂಖ್ಯೆ ಅದರ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆಯಾದ್ದರಿಂದ, ಎರಡು ಫ್ರೆಟ್ಟಿನಷ್ಟು ಸ್ವರ ಏರಬೇಕಾದರೆ ಬಿಗಿತ ಸುಮಾರು 26 ಪ್ರತಿಶತ ಹೆಚ್ಚಬೇಕು. ಉಂಗುರದ ಬೆರಳೊಂದರ ಗೆಣ್ಣು ಆ ಭಾರವನ್ನು ಹೊತ್ತು ಅಲುಗದೆ ನಿಲ್ಲಲಾರದು, ನನ್ನ ಬೆರಳಂತೂ ನಿಲ್ಲಲಿಲ್ಲ. ಅದರ ಹಿಂದೆ ಮಧ್ಯದ ಬೆರಳನ್ನೂ ತೋರುಬೆರಳನ್ನೂ ಅದೇ ತಂತಿಯ ಮೇಲಿಟ್ಟು, ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಂಚಿಗೆ ತಂದು ಕೊಕ್ಕೆಯಂತೆ ಹಿಡಿದೆ. ತೋರುಬೆರಳಿನ ಬುಡ ಕತ್ತಿನ ಕೆಳಗಂಚಿಗೆ ಒತ್ತಿಕೊಂಡು ಕೀಲಿನಂತಾಯಿತು. ಆಮೇಲೆ ಬೆರಳುಗಳನ್ನು ಬಾಗಿದಂತೆಯೇ ಬಿಟ್ಟು, ಬೀಗದಲ್ಲಿ ಕೀಲಿಕೈ ತಿರುಗಿಸುವಂತೆ ಮಣಿಕಟ್ಟನ್ನು ತಿರುಗಿಸಿದೆ. ತಂತಿ ಎಷ್ಟು ಹಗುರವಾಗಿ ಸರಿಯಿತೆಂದರೆ ಮೊದಲ ಸಲ ಸ್ವರ ಇ ದಾಟಿ ಆಚೆಗೇ ಹೋಯಿತು. ಬೆಂಡ್ ಎಂಬುದು ಬೆರಳಿನ ಕೆಲಸವಲ್ಲ, ಮಣಿಕಟ್ಟಿನ ಕೆಲಸ ಎಂಬುದನ್ನು ಹಿಂದೆ ಓದಿರಲಿಲ್ಲವೆಂದಲ್ಲ; ಓದಿದ್ದು ಕೈಗೆ ಇಳಿದಿರಲಿಲ್ಲ.

ಮತ್ತೆ ಆಟಕ್ಕೆ ಬಂದಾಗ ಪಟ್ಟಿಗಳು ಒಂದೊಂದಾಗಿ ದಕ್ಕತೊಡಗಿದವು, ಅಂಕಗಳು ಏರಿದವು. ಅರ್ಧ ಗಂಟೆ ಎರಡು ಗಂಟೆಯಾಯಿತು. ಅಂಕ ಏರುವುದು ಕಂಡರೆ ಮನುಷ್ಯ ಬೇಸರವಿಲ್ಲದೆ ಒಂದೇ ಚಲನೆಯನ್ನು ಇನ್ನೂರು ಸಲ ಮಾಡುತ್ತಾನೆ. ಲಯ ಎಣಿಸುವ ಯಾವ ಮೆಟ್ರೊನೋಮೂ ನನ್ನಿಂದ ಇಷ್ಟು ದುಡಿಸಿಕೊಂಡಿರಲಿಲ್ಲ. ಆದರೆ ಒಂದು ಸಂಶಯ ಉಳಿದಿತ್ತು: ನಾನು ಸ್ವರವನ್ನು ಕೇಳಿ ನಿಲ್ಲಿಸುತ್ತಿದ್ದೇನೆಯೋ, ಪರದೆಯನ್ನು ನೋಡಿ ನಿಲ್ಲಿಸುತ್ತಿದ್ದೇನೆಯೋ?

ಪರೀಕ್ಷೆಗೆಂದು ಪರದೆಗೆ ಬೆನ್ನು ಮಾಡಿ ಕುಳಿತೆ. ಎರಡನೆಯ ತಂತಿಯ ಐದನೆಯ ಫ್ರೆಟ್ಟಿನಲ್ಲಿ ಇರುವುದು ಅದೇ ಇ. ತೋರುಬೆರಳಿನಿಂದ ಅದನ್ನು ಹಿಡಿದು, ಉಳಿದೆರಡು ಬೆರಳುಗಳಿಂದ ಮೂರನೆಯ ತಂತಿಯ ಏಳನೆಯ ಫ್ರೆಟ್ಟನ್ನು ಏರಿಸುತ್ತ ಎರಡನ್ನೂ ಒಟ್ಟಿಗೆ ಮೀಟಿದೆ. ಎರಡು ಸ್ವರಗಳು ಹತ್ತಿರ ಬಂದರೂ ಕೂಡದೆ ಇದ್ದಾಗ ನಾದದಲ್ಲಿ ಒಂದು ಅಲೆ ಏಳುತ್ತದೆ: ವಂವ್, ವಂವ್, ವಂವ್. 326 ಹರ್ಟ್ಸಿನ ಹತ್ತಿರ ನಿಂತರೆ ಸೆಕೆಂಡಿಗೆ ಮೂರೂವರೆಯಷ್ಟು ಅಲೆಗಳು. ನನ್ನ ಕೈ ಅಭ್ಯಾಸಬಲದಿಂದ ನಿಂತದ್ದು ಸರಿಸುಮಾರು ಅಲ್ಲಿಯೇ. ಆಟವೆಂದ ಮೇಲೆ ಒಂದಿಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ಯಾರೂ ಎರಡನೆಯ ದಿನ ಆಡುವುದಿಲ್ಲ. ಆ ಸಡಿಲದಲ್ಲಿ ನನ್ನ ಕಿವಿ ಹಾಯಾಗಿ ಮಲಗಿತ್ತು. ಮಣಿಕಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಎರಡು ತಂತಿಗಳು ಒಂದೇ ತಂತಿಯಂತೆ ನುಡಿದ ಆ ಕ್ಷಣವನ್ನು ಪರದೆಯ ಮೇಲೆ ತೋರಿಸುವ ಬಣ್ಣ ಇರಲಾರದು.

ಮತ್ತೆ ಪರದೆಯ ಕಡೆ ತಿರುಗಿ ಇನ್ನೊಂದು ಸುತ್ತು ಆಡಿದೆ. ಈ ಸಲ ಪಟ್ಟಿಯ ಬಾಗುವಿಕೆಯನ್ನು ಯಾವಾಗ ಏರಿಸಬೇಕೆಂದು ತಿಳಿಯಲು ಮಾತ್ರ ನೋಡಿದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಿವಿಗೆ ಬಿಟ್ಟೆ. ಅಂಕ ಹೆಚ್ಚೇನೂ ಬದಲಾಗಲಿಲ್ಲ. ಹೊಸ ಹಾಡು ಆರಿಸಿದಾಗ ಎಂದಿನಂತೆ ಆಟ ಮೊದಲು ಶ್ರುತಿ ಸರಿಮಾಡಲು ಹೇಳಿತು. ಐದು ತಂತಿಗಳು ತಕ್ಷಣ ಒಪ್ಪಿಗೆಯಾದವು. ಮಧ್ಯಾಹ್ನವಿಡೀ ಎಳೆಸಿಕೊಂಡಿದ್ದ ಕಿತ್ತಳೆ ತಂತಿ ಮಾತ್ರ ತುಸು ಇಳಿದಿತ್ತು. ಟ್ಯೂನರಿನ ಮುಳ್ಳು ಹೇಳುವ ಮೊದಲೇ ಅದು ನನ್ನ ಕಿವಿಗೆ ಬಿದ್ದಿತ್ತು.