ಲ್ಯೂಬೆಕ್: ಉಪ್ಪಿನ ಉಗ್ರಾಣಗಳ ಮುಂದೆ

14 ಅಕ್ಟೋಬರ್ 2024, ಸೋಮವಾರ
ಲ್ಯೂಬೆಕ್, ಉತ್ತರ ಜರ್ಮನಿ

ಇಲ್ಲಿಗೆ ಬಂದವರೆಲ್ಲ ಹೋಲ್‌ಸ್ಟೆನ್ ದ್ವಾರದ ಫೋಟೋ ತೆಗೆಯುತ್ತಾರೆ. 1478ರಲ್ಲಿ ಮುಗಿದ ಜೋಡಿ ಗೋಪುರ; ಜೌಗು ನೆಲದಲ್ಲಿ ಕುಸಿದು ವಾಲಿದೆ. ಆದರೆ ಊರಿನ ಸಿರಿಯ ಮೂಲ ತಿಳಿಯಬೇಕೆಂದರೆ ಪಕ್ಕದಲ್ಲೇ, ಟ್ರಾವೆ ನದಿಯ ದಡದ ಆರು ಇಟ್ಟಿಗೆ ಉಗ್ರಾಣಗಳನ್ನು ನೋಡಬೇಕು. 1579ರಿಂದ 1745ರೊಳಗೆ ಕಟ್ಟಿದವು. ಒಳಗಿದ್ದದ್ದು ಉಪ್ಪು.

ಉಪ್ಪು ಈ ಊರಿನದಲ್ಲ. ದಕ್ಷಿಣದ ಲ್ಯೂನೆಬುರ್ಗ್‌ನಲ್ಲಿ ನೆಲದಡಿಯ ಉಪ್ಪುನೀರನ್ನು ಸೀಸದ ಬಾಣಲೆಗಳಲ್ಲಿ ಕುದಿಸಿ ತೆಗೆಯುತ್ತಿದ್ದರು. ಮೊದಲು ಗಾಡಿಗಳಲ್ಲಿ, 1398ರಲ್ಲಿ ಸ್ಟೆಕ್ನಿಟ್ಸ್ ಕಾಲುವೆ ತೆರೆದ ಮೇಲೆ ದೋಣಿಗಳಲ್ಲಿ ಬಂತು. ಕಾಲುವೆಗಾಗಿ ಹೊಸದಾಗಿ ಅಗೆದ ಭಾಗದಲ್ಲಿ ಒಂದು ಮೀಟರ್ ಆಳವೂ ಇರಲಿಲ್ಲ. ಅದಕ್ಕೇ ತೂಬು ಮುಚ್ಚಿ ನೀರು ಕಟ್ಟಬೇಕು, ಹಿಂದೆ ದೋಣಿಗಳು ಸಾಲುಗಟ್ಟಬೇಕು, ತೂಬು ತೆಗೆದೊಡನೆ ನುಗ್ಗುವ ನೀರಿನ ಜೊತೆಗೇ ಇಳಿಯಬೇಕು. ಹಿಂದೆ ಬಿದ್ದ ದೋಣಿಯ ತಳ ಕೆಸರಿಗೆ ಕೂರುತ್ತದೆ. ಮತ್ತೆ ನೀರು ತುಂಬುವವರೆಗೆ ಅದು ಅಲ್ಲೇ. ಏರುವ ದಿಕ್ಕಿನಲ್ಲಿ ಹಗ್ಗ ಕಟ್ಟಿ ಎಳೆಯುವುದೇ ಗತಿ. 97 ಕಿಲೋಮೀಟರ್‌ಗೆ ವಾರಗಟ್ಟಲೆ ಹಿಡಿಯುತ್ತಿತ್ತು.

ಇಷ್ಟು ಕಷ್ಟಪಟ್ಟು ತಂದದ್ದನ್ನು ತೇವದಿಂದ ಕಾಪಾಡಬೇಕಲ್ಲ. ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ, ಬಾಲ್ಟಿಕ್ ತೀರದ ಚಳಿಗಾಲದಲ್ಲಿ ಅದು ದಿನನಿತ್ಯದ ಮಾತು. ಆ ನೀರು ಇಟ್ಟಿಗೆಗೆ ಇಳಿದರೆ ಒಣಗುವಾಗ ಒಳಗೇ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ.

ಉಪ್ಪು ಹೋಗುತ್ತಿದ್ದದ್ದು ಸ್ವೀಡನ್ನಿನ ತೆಂಕಣ ತುದಿಯ ಸ್ಕೋನೆ ತೀರಕ್ಕೆ. ಅಲ್ಲಿ ಶರತ್ಕಾಲದಲ್ಲಿ ಹೆರಿಂಗ್ ಸುಗ್ಗಿ. ಹೆರಿಂಗ್ ನಮ್ಮ ಬೂತಾಯಿಯ ದಾಯಾದಿ, ಅಷ್ಟೇ ಎಣ್ಣೆಯ ಮೀನು, ತಡಮಾಡಿದರೆ ಕಮಟುತ್ತದೆ. ಕಿವಿರಿನ ಜೊತೆ ಕರುಳಿನ ಒಂದು ಭಾಗವನ್ನು ಕಿತ್ತು, ಪೀಪಾಯಿಯಲ್ಲಿ ಒಂದು ಸಾಲು ಮೀನು, ಒಂದು ಪದರ ಉಪ್ಪು ಎಂದು ತುಂಬುತ್ತಿದ್ದರು. ನಾಲ್ಕೈದು ಪೀಪಾಯಿ ಮೀನಿಗೆ ಸುಮಾರು ಒಂದು ಪೀಪಾಯಿ ಉಪ್ಪು. ಕರುಳನ್ನು ಪೂರ್ತಿ ತೆಗೆಯದಿರುವುದು ಬೇಕೆಂದೇ: ಉಳಿದ ಭಾಗದ ಕಿಣ್ವಗಳಿಂದಲೇ ಮೀನು ಹದವಾಗಿ ಮಾಗುತ್ತದೆ.

ಉಪ್ಪಿನ ಗುಣವೂ ಮುಖ್ಯ. ಮೆಗ್ನೀಸಿಯಂ, ಕ್ಯಾಲ್ಸಿಯಂ ಬೆರೆತ ಸಮುದ್ರದ ಉಪ್ಪಿನಲ್ಲಿ ಮೀನಿನ ಮೈ ಬೆಳ್ಳಗೆ ಬಿರುಸಾಗುತ್ತದೆ, ಒಳಕ್ಕೆ ಉಪ್ಪು ನಿಧಾನವಾಗಿ ಇಳಿಯುತ್ತದೆ, ಕಹಿ ಬರುತ್ತದೆ. ಲ್ಯೂನೆಬುರ್ಗ್ ಉಪ್ಪಿಗೆ ಬೆಲೆ ಬಂದದ್ದು ಅದಕ್ಕೇ. ಕೆಲವು ದಿನಗಳಲ್ಲಿ ಮೀನು ಕುಗ್ಗಿ ಪೀಪಾಯಿಯ ಬಾಯಲ್ಲಿ ಜಾಗ ಬೀಳುತ್ತದೆ. ಆಗ ಮತ್ತಷ್ಟು ಮೀನು ತುಂಬಿ, ಅದು ಮುಳುಗುವಷ್ಟು ಉಪ್ಪುನೀರು ಹೊಯ್ದು ಮುಚ್ಚಳ ಬಿಗಿಯುತ್ತಿದ್ದರು.